ಲ್ಯಾಂಡೌ ಹೆಸರಿನ ಜೊತೆಗಿರುವ ಈ ಗಿಂಜ್‌ಬರ್ಗ್ ಯಾರು?

ಓದುಗರ ಪತ್ರ: ಕಳೆದ ಸಂಚಿಕೆಯ ಎಂ.ಆರ್.ಐ. ಲೇಖನದಲ್ಲಿ ‘ಗಿಂಜ್‌ಬರ್ಗ್–ಲ್ಯಾಂಡೌ ಸಿದ್ಧಾಂತ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಲ್ಯಾಂಡೌ ಯಾರೆಂದು ಫಿಸಿಕ್ಸ್ ಎಂಎಸ್ಸಿ ಮಾಡಿದವರಿಗೆಲ್ಲ ಗೊತ್ತು. ಈ ಗಿಂಜ್‌ಬರ್ಗ್ ಯಾರು? 1950ರ ಕೆಲಸಕ್ಕೆ 2003ರಲ್ಲಿ ನೊಬೆಲ್ ಕೊಟ್ಟರಂತೆ. ಲ್ಯಾಂಡೌ ತೀರಿಕೊಂಡಿದ್ದರು, ಇವರು ಬದುಕಿದ್ದರು, ಅಷ್ಟೇ ಅಲ್ವಾ? ಹೈಡ್ರೋಜನ್ ಬಾಂಬ್ ಮಾಡಿದವರಲ್ಲಿ ಇವರೂ ಒಬ್ಬರಂತೆ. ಸ್ಟಾಲಿನ್ ಕಾಲದಲ್ಲಿ ಅಷ್ಟೊಂದು ಜನ ಜೈಲು ಸೇರಿದಾಗ ಇವರು ಮಾತ್ರ ಹೇಗೆ ಉಳಿದರು? ಕೊನೆಗೆ ಇನ್ನೊಂದು: ತಣ್ಣಗೆ ಮಾಡುವ ಗೋಜೇ ಇಲ್ಲದ ಸೂಪರ್‌ಕಂಡಕ್ಟರ್ ಸಿಕ್ಕಿತೇ ಇಲ್ಲವೇ?
— ನಿವೃತ್ತ ಉಪನ್ಯಾಸಕರು, ಶಿವಮೊಗ್ಗ

ಮಾನ್ಯರೇ,

ನಿಮ್ಮ ಪತ್ರದಲ್ಲಿ ಪ್ರಶ್ನೆಗಿಂತ ಅನುಮಾನವೇ ಜಾಸ್ತಿ. ಅನುಮಾನಕ್ಕೆ ಎರಡು ಸಾಲಿನ ಉತ್ತರ ಸಾಲುವುದಿಲ್ಲ. ಹಾಗಾಗಿ ಈ ಸಲದ ಪುಟಗಳೆಲ್ಲ ನಿಮಗೇ.

ಬದುಕಿದ್ದಕ್ಕೆ ನೊಬೆಲ್ ಸಿಕ್ಕಿತು ಎಂಬುದು ಅರ್ಧ ನಿಜ. ತೀರಿಹೋದವರಿಗೆ ನೊಬೆಲ್ ಕೊಡುವ ಪದ್ಧತಿ ಇಲ್ಲ. ಸೋವಿಯತ್ ಭೌತವಿಜ್ಞಾನಿ ಲ್ಯಾಂಡೌ 1968ರಲ್ಲೇ ತೀರಿಕೊಂಡರು. (ಅವರಿಗೆ 1962ರಲ್ಲೇ ನೊಬೆಲ್ ಬಂದಿತ್ತು, ಆದರೆ ಅದು ದ್ರವ ಹೀಲಿಯಂ ಕುರಿತ ಕೆಲಸಕ್ಕೆ.) 2003ರ ಬಹುಮಾನವನ್ನು ಅಲೆಕ್ಸಿ ಅಬ್ರಿಕೊಸೊವ್ ಮತ್ತು ಆಂಥನಿ ಲೆಗೆಟ್ ಜೊತೆ ಹಂಚಿಕೊಂಡಾಗ ವಿಟಾಲಿ ಗಿಂಜ್‌ಬರ್ಗ್‌ಗೆ 87 ವರ್ಷ. ಆಯಸ್ಸು ಗಟ್ಟಿಯಾಗಿತ್ತು, ಒಪ್ಪೋಣ. ಆದರೆ ಆಯಸ್ಸು ಸಮೀಕರಣ ಬರೆಯುವುದಿಲ್ಲ. ಅದನ್ನು ಬರೆದಾಗ ಅವರಿಗೆ 33.

ಆ ಕೆಲಸ ಏನು ಅಂತ ಸ್ವಲ್ಪ ನೋಡೋಣ. ಕೆಲವು ಲೋಹಗಳನ್ನು ತುಂಬಾ ತಣ್ಣಗೆ ಮಾಡಿದರೆ ಅವುಗಳ ವಿದ್ಯುತ್ ರೋಧ ಪೂರ್ತಿ ಮಾಯವಾಗುತ್ತದೆ. ಇದೇ ಅತಿವಾಹಕತೆ (ಸೂಪರ್‌ಕಂಡಕ್ಟಿವಿಟಿ), 1911ರಿಂದಲೂ ಗೊತ್ತಿತ್ತು. ಯಾಕೆ ಹಾಗಾಗುತ್ತದೆ ಎಂಬುದು ಮಾತ್ರ 1950ರಲ್ಲೂ ಯಾರಿಗೂ ಗೊತ್ತಿರಲಿಲ್ಲ. ಗಿಂಜ್‌ಬರ್ಗ್ ಮತ್ತು ಲ್ಯಾಂಡೌ ಆ ‘ಯಾಕೆ’ಯನ್ನು ಪಕ್ಕಕ್ಕಿಟ್ಟರು. ಲೋಹದೊಳಗೆ ಅತಿವಾಹಕತೆ ಎಷ್ಟಿದೆ ಎಂದು ಹೇಳುವ ಒಂದು ಪ್ರಮಾಣ ಇದೆ ಅಂದುಕೊಳ್ಳೋಣ ಎಂದರು. ಅದಕ್ಕೆ ‘ಸೈ’ ಎಂಬ ಗ್ರೀಕ್ ಅಕ್ಷರ ಕೊಟ್ಟರು. ಒಂದು ಉಷ್ಣತೆಗಿಂತ ಮೇಲೆ ಅದು ಸೊನ್ನೆ, ಕೆಳಗೆ ಸೊನ್ನೆಯಲ್ಲ. ಈ ಥರದ ಯೋಚನೆಗೆ ದಾರಿ ಹಾಕಿದ್ದು ಲ್ಯಾಂಡೌ ಅವರ 1937ರ ಸಿದ್ಧಾಂತ. ಹೊಸತೇನೆಂದರೆ, ಈ ಪ್ರಮಾಣ ಲೋಹದೊಳಗೆ ಜಾಗದಿಂದ ಜಾಗಕ್ಕೆ ಬದಲಾಗಬಹುದು, ಕಾಂತಕ್ಷೇತ್ರಕ್ಕೂ ಅದಕ್ಕೂ ನಂಟಿದೆ ಎಂದು ಎರಡನ್ನೂ ಒಂದೇ ಲೆಕ್ಕಕ್ಕೆ ತಂದದ್ದು. ಒಳಗಿನ ಕಾರಣವನ್ನು ಅಮೆರಿಕದ ಬಾರ್ಡೀನ್, ಕೂಪರ್, ಶ್ರೀಫರ್ ಹೇಳಿದ್ದು ಆಮೇಲೆ, 1957ರಲ್ಲಿ. ಅದು ಬಂದ ಮೇಲೂ ಹಳೆಯ ಸಮೀಕರಣ ಮೂಲೆ ಸೇರಲಿಲ್ಲ. ಎಂಜಿನಿಯರುಗಳು ಇವತ್ತಿಗೂ ಅದನ್ನೇ ಬಳಸುತ್ತಾರೆ.

ಈ ಸಮೀಕರಣದೊಳಗಿನ ಒಂದು ಜಗಳ ನಿಮಗೆ ಇಷ್ಟವಾಗಬಹುದು. ಅದರಲ್ಲಿ ವಿದ್ಯುದಂಶಕ್ಕೆ ಒಂದು ಅಕ್ಷರ ಇದೆ. ಅದರ ಬೆಲೆ ಎಷ್ಟು? ಗಿಂಜ್‌ಬರ್ಗ್‌ಗೆ ಅದು ಎಲೆಕ್ಟ್ರಾನಿನ ವಿದ್ಯುದಂಶವೇ ಆಗಿರಬೇಕೆಂದೇನೂ ಅನ್ನಿಸಿರಲಿಲ್ಲ. ಬೇರೆಯಾಗಿರಲು ಕಾರಣವೇ ಇಲ್ಲ ಎಂದರು ಲ್ಯಾಂಡೌ. ಪ್ರಬಂಧದಲ್ಲಿ ಹಾಗೆಯೇ ಅಚ್ಚಾಯಿತು. ಗಿಂಜ್‌ಬರ್ಗ್ ಸುಮ್ಮನಾಗಲಿಲ್ಲ. ಪ್ರಯೋಗಗಳ ಅಂಕಿಗಳನ್ನು ಹಾಕಿ ನೋಡಿದರೆ ಎಲೆಕ್ಟ್ರಾನಿನ ಎರಡು ಮೂರು ಪಟ್ಟು ಇಟ್ಟಾಗ ಲೆಕ್ಕ ಚೆನ್ನಾಗಿ ಕೂರುತ್ತಿತ್ತು. ಲ್ಯಾಂಡೌ ಮತ್ತೆ ತಡೆದರು: ಅದು ಹೀಗೆ ಬೇರೆ ಬೆಲೆಯದಾದರೆ ಲೋಹ ಬದಲಾದಂತೆ, ಉಷ್ಣತೆ ಬದಲಾದಂತೆ, ಜಾಗ ಬದಲಾದಂತೆ ಅದೂ ಬದಲಾಗಬೇಕಾಗುತ್ತದೆ, ಆಗ ಸಿದ್ಧಾಂತದ ಬುಡವೇ ಅಲ್ಲಾಡುತ್ತದೆ. ಗಿಂಜ್‌ಬರ್ಗ್ 1955ರಲ್ಲಿ ತಮ್ಮ ಲೆಕ್ಕವನ್ನೂ ಲ್ಯಾಂಡೌ ಅವರ ಆಕ್ಷೇಪವನ್ನೂ ಸೇರಿಸಿಯೇ ಪ್ರಕಟಿಸಿದರು. ಕೊನೆಗೆ ತಿಳಿದದ್ದು ಏನೆಂದರೆ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ಹರಿಯುತ್ತವೆ. ಹಾಗಾಗಿ ಎಲ್ಲ ಲೋಹದಲ್ಲೂ ಬೆಲೆ ಸರಿಯಾಗಿ ಎರಡು ಪಟ್ಟು. 1959ರಲ್ಲಿ ಲೆವ್ ಗೋರ್ಕೊವ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ಬೆಲೆ ಬೇರೆ ಎಂದ ಗಿಂಜ್‌ಬರ್ಗ್ ಸರಿ, ಅದು ಬದಲಾಗಕೂಡದು ಎಂದ ಲ್ಯಾಂಡೌ ಕೂಡ ಸರಿ. ಎಲ್ಲ ಕಡೆಯೂ ಒಂದೇ ಆದ ‘ಎರಡು’ ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ! ಹೊಳೆಯದೇ ಹೋದದ್ದನ್ನು ಗಿಂಜ್‌ಬರ್ಗ್ ಆಮೇಲೆ ತಾವೇ ಬರೆದಿದ್ದಾರೆ, ನೊಬೆಲ್ ಭಾಷಣದಲ್ಲೂ ಹೇಳಿದ್ದಾರೆ.

ಎಂ.ಆರ್.ಐ. ಯಂತ್ರದ ತಂತಿಗೂ ಇದೇ ಸಮೀಕರಣಕ್ಕೂ ನೇರ ನಂಟಿದೆ. ಅದರಲ್ಲಿ ‘ಕಪ್ಪಾ’ ಎಂಬ ಇನ್ನೊಂದು ಸಂಖ್ಯೆ ಇದೆ. ಅದು ಸುಮಾರು 0.7ಕ್ಕಿಂತ ಹೆಚ್ಚಾದರೆ ವಿಚಿತ್ರ ನಡೆಯುತ್ತದೆ ಎಂದು 1950ರಲ್ಲೇ ಕಂಡಿತ್ತು. ಆಗ ಗೊತ್ತಿದ್ದ ಶುದ್ಧ ಲೋಹಗಳಲ್ಲಿ ಕಪ್ಪಾ ತೀರಾ ಚಿಕ್ಕದು. ಹಾಗಾಗಿ ಇಬ್ಬರೂ ಆ ಕಡೆ ಹೋಗಲಿಲ್ಲ. ಲ್ಯಾಂಡೌ ಅವರ ಶಿಷ್ಯ ಅಬ್ರಿಕೊಸೊವ್ ಹೋದರು. 1957ರಲ್ಲಿ ಅವರು ಪ್ರಕಟಿಸಿದ್ದು ಎರಡನೆಯ ಬಗೆಯ ಅತಿವಾಹಕಗಳ ಸಿದ್ಧಾಂತ. ಇವು ಜೋರಾದ ಕಾಂತಕ್ಷೇತ್ರವನ್ನು ಸಣ್ಣ ಸಣ್ಣ ಸುಳಿಗಳಾಗಿ ಒಳಗೆ ಬಿಟ್ಟುಕೊಂಡೂ ಅತಿವಾಹಕವಾಗಿಯೇ ಉಳಿಯುತ್ತವೆ. ಆಸ್ಪತ್ರೆಯ ಯಂತ್ರದಲ್ಲಿ ಸುತ್ತಿರುವ ನಯೋಬಿಯಂ-ಟೈಟೇನಿಯಂ ತಂತಿ ಈ ಬಗೆಯದು. ಇಂಥ ಮಿಶ್ರಲೋಹಗಳ ಮೇಲೆ ಖಾರ್ಕೊವ್‌ನಲ್ಲಿ ಲೆವ್ ಶುಬ್ನಿಕೊವ್ 1930ರ ದಶಕದಲ್ಲೇ ಒಳ್ಳೆಯ ಪ್ರಯೋಗ ಮಾಡಿದ್ದರು. ಅವರನ್ನು 1937ರಲ್ಲಿ ಹಿಡಿದು ಗುಂಡಿಟ್ಟು ಕೊಂದರು. ‘ಅಷ್ಟೊಂದು ಜನ’ ಎಂದು ನೀವು ಬರೆದಿರಲ್ಲ, ಅವರಲ್ಲಿ ಒಬ್ಬರು ಇವರು. ಲ್ಯಾಂಡೌ ಕೂಡ 1938ರಿಂದ ಒಂದು ವರ್ಷ ಸೆರೆಯಲ್ಲಿದ್ದರು.

ಇನ್ನು ಗಿಂಜ್‌ಬರ್ಗ್ ಯಾರು ಎಂಬ ಪ್ರಶ್ನೆ. ಹುಟ್ಟಿದ್ದು 1916ರ ಅಕ್ಟೋಬರ್ 4, ಮಾಸ್ಕೋದಲ್ಲಿ. ಯಹೂದಿ ಮನೆತನ. ತಂದೆ ನೀರು ಶುದ್ಧೀಕರಣದ ಎಂಜಿನಿಯರ್, ಮಗ ಹುಟ್ಟಿದಾಗ ಅವರಿಗೆ ಐವತ್ತು ದಾಟಿತ್ತು. ತಾಯಿ ಡಾಕ್ಟರ್. ಹುಡುಗನಿಗೆ ನಾಲ್ಕು ತುಂಬುವ ಹೊತ್ತಿಗೆ ಅವರು ಟೈಫಾಯ್ಡ್‌ನಿಂದ ತೀರಿಕೊಂಡರು. ಚಿಕ್ಕಮ್ಮ ಬಂದು ಸಾಕಿದರು. ಶಾಲೆಗೆ ಸೇರಿಸಿದ್ದೇ ಹನ್ನೊಂದನೇ ವಯಸ್ಸಿಗೆ. ಏಳನೇ ತರಗತಿ ಮುಗಿಸಿದ್ದೇ ಓದು ನಿಂತಿತು, ಎಕ್ಸ್‌ರೇ ಪ್ರಯೋಗಾಲಯವೊಂದರಲ್ಲಿ ಸಹಾಯಕನ ಕೆಲಸ. ಆಮೇಲೆ ಮೂರು ತರಗತಿಯ ಪಾಠವನ್ನು ಮೂರು ತಿಂಗಳಲ್ಲಿ ಉರು ಹೊಡೆದು 1933ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಪರೀಕ್ಷೆ ಬರೆದರು. ಪಾಸಾದರೂ ಸೀಟು ಸಿಗಲಿಲ್ಲ. ಒಂದು ವರ್ಷ ಹೊರಗಿನಿಂದಲೇ ಓದಿ, 1934ರಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಸೇರಿಕೊಂಡರು. ಶಾಲೆಯಲ್ಲಿ ಸರಿಯಾಗಿ ಲೆಕ್ಕ ತಿದ್ದಿಸಿಕೊಳ್ಳದ ಕೊರತೆ ಕೊನೆಯವರೆಗೂ ಕಾಡಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಗಣಿತದಲ್ಲಿ ನಾನು ಸಾಧಾರಣ ಎಂದೇ ಅವರ ಲೆಕ್ಕ. ಅದೇ ಕಾರಣಕ್ಕೆ ಸೈದ್ಧಾಂತಿಕ ಭೌತಶಾಸ್ತ್ರ ತಮ್ಮ ಕೈಲಾಗದು ಎಂದುಕೊಂಡು ಪ್ರಯೋಗದ ಕಡೆ, ಆಪ್ಟಿಕ್ಸ್‌ಗೆ, ಹೋಗಿದ್ದರು.

1938ರಲ್ಲಿ ಡಿಗ್ರಿ ಮುಗಿಸಿದ ಹೊಸತರಲ್ಲಿ ಒಂದು ಐಡಿಯಾ ಹಿಡಿದುಕೊಂಡು ಸೈದ್ಧಾಂತಿಕ ಭೌತವಿಜ್ಞಾನಿ ಇಗೊರ್ ತಾಮ್ ಹತ್ತಿರ ಹೋದರು. ಐಡಿಯಾ ತಪ್ಪಿತ್ತು. ಆದರೆ ತಾಮ್ ಹುಡುಗನನ್ನು ಬೈದು ಕಳಿಸಲಿಲ್ಲ, ಕೂರಿಸಿಕೊಂಡು ಮಾತಾಡಿದರು, ಮುಂದುವರಿಸು ಎಂದರು. ಅಲ್ಲಿಂದ ದಾರಿ ಬದಲಾಯಿತು. 1940ಕ್ಕೆ ಮೊದಲ ಸಂಶೋಧನಾ ಪದವಿ, 1942ಕ್ಕೆ ಡಾಕ್ಟರೇಟ್. 1940ರಲ್ಲಿ ಸೇರಿದ ಲೆಬೆಡೆವ್ ಭೌತಶಾಸ್ತ್ರ ಸಂಸ್ಥೆಯನ್ನು ಸಾಯುವವರೆಗೂ ಬಿಡಲಿಲ್ಲ. ಯುದ್ಧ ಕಾಲದಲ್ಲಿ ಸಂಸ್ಥೆ ಕಜಾನ್‌ಗೆ ಹೋದಾಗ ರೇಡಿಯೋ ಅಲೆಗಳು ಮೇಲ್ವಾತಾವರಣದಲ್ಲಿ ಹೇಗೆ ಸಾಗುತ್ತವೆ ಎಂದು ನೋಡಿದರು. ಅದೇ ಲೆಕ್ಕವನ್ನು ಸೂರ್ಯನ ಮೇಲೆ ಹಾಕಿ ಅದರ ರೇಡಿಯೋ ಅಲೆಗಳು ಕರೋನಾದಿಂದ, ಅಂದರೆ ಸೂರ್ಯನ ಹೊರ ಆವರಣದಿಂದ, ಬರುತ್ತವೆ ಎಂದರು. 1947ರ ಗ್ರಹಣ ನೋಡಲು ಹಡಗು ಹತ್ತಿ ಬ್ರೆಜಿಲ್‌ಗೂ ಹೋಗಿಬಂದರು.

ನಿಮ್ಮ ಚುಚ್ಚು ಪ್ರಶ್ನೆ: ಹೇಗೆ ಉಳಿದರು? ಉತ್ತರ ನಿಮಗೆ ಇರುಸುಮುರುಸು ಮಾಡಬಹುದು. ಬಾಂಬಿನ ದೆಸೆಯಿಂದ ಉಳಿದರು. ಮದುವೆಯಿಂದಾಗಿ ಬಾಂಬಿನಿಂದ ದೂರವೂ ಉಳಿದರು.

1945ರಲ್ಲಿ ಗೋರ್ಕಿ ಊರಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಹೋಗುತ್ತಿದ್ದರು. ಅಲ್ಲಿ ನೀನಾ ಎರ್ಮಾಕೊವಾ ಪರಿಚಯವಾಯಿತು. 1944ರಲ್ಲಿ ಮಾಸ್ಕೋದಲ್ಲಿ ಆಕೆಯನ್ನು ಬಂಧಿಸಿದ್ದರು. ಸ್ಟಾಲಿನ್ ಕಾರು ಹಾದುಹೋಗುವ ಅರ್ಬಾತ್ ಬೀದಿಗೆ ಮನೆ ಕಿಟಕಿಯಿಂದ ಗುಂಡು ಹಾರಿಸಲು ಸಂಚು ಮಾಡಿದ್ದರು ಎಂಬುದು ಆರೋಪ. ಅವರ ಕೋಣೆಯ ಕಿಟಕಿ ಆ ಬೀದಿಗೆ ತೆರೆಯುತ್ತಲೇ ಇರಲಿಲ್ಲ. ಅದನ್ನು ಹೋಗಿ ನೋಡುವ ಗೋಜಿಗೂ ಯಾರೂ ಹೋಗಿರಲಿಲ್ಲ! ಕ್ಷಮಾದಾನ ಸಿಕ್ಕಿ ಹೊರಗೆ ಬಂದರೂ ಮಾಸ್ಕೋದಲ್ಲಿ ಇರುವಂತಿಲ್ಲ. 1946ರಲ್ಲಿ ಗಿಂಜ್‌ಬರ್ಗ್ ಆಕೆಯನ್ನು ಮದುವೆಯಾದರು. ಹೆಂಡತಿ ಗೋರ್ಕಿ ಕಡೆ, ಗಂಡ ಮಾಸ್ಕೋದಲ್ಲಿ. ಅವರನ್ನು ಮಾಸ್ಕೋಗೆ ಬಿಡಿ ಎಂದು ವರ್ಷ ವರ್ಷವೂ ಅರ್ಜಿ, ವರ್ಷ ವರ್ಷವೂ ಇಲ್ಲ. ಸಿಕ್ಕಿದ್ದು ಸ್ಟಾಲಿನ್ ಸತ್ತ ಮೇಲೆ, 1953ರಲ್ಲಿ.

ಇದರ ನಡುವೆಯೇ 1947ರಲ್ಲಿ ಪತ್ರಿಕೆಯಲ್ಲಿ ಗಿಂಜ್‌ಬರ್ಗ್ ಮೇಲೆ ಹರಿಹಾಯ್ದರು. ಪಶ್ಚಿಮದವರಿಗೆ ಅಡ್ಡಬೀಳುತ್ತಾನೆ ಎಂಬ ದೂರು. ಪ್ರೊಫೆಸರ್ ಪದವಿಗೆ ಮಂಜೂರಾತಿ ಕೊಡಲಿಲ್ಲ. ಯಹೂದಿ, ಗಡಿಪಾರಾದವಳ ಗಂಡ, ಈಗ ಈ ಹಣೆಪಟ್ಟಿ ಬೇರೆ. ಮುಂದೇನು ಎಂಬುದನ್ನು ಊಹಿಸಬಹುದು. ಅಷ್ಟರಲ್ಲಿ 1948ರಲ್ಲಿ ಹೈಡ್ರೋಜನ್ ಬಾಂಬ್ ಲೆಕ್ಕ ನೋಡಲು ತಾಮ್ ಒಂದು ಸಣ್ಣ ಗುಂಪು ಕಟ್ಟಿದರು. ಅದರಲ್ಲಿ ಯುವ ಭೌತವಿಜ್ಞಾನಿ ಆಂದ್ರೇಯ್ ಸಖಾರೊವ್ ಇದ್ದರು, ಗಿಂಜ್‌ಬರ್ಗ್ ಇದ್ದರು. ಸಖಾರೊವ್ ತಮ್ಮ ನೆನಪುಗಳಲ್ಲಿ ಬಾಂಬಿನ ‘ಮೊದಲ ಐಡಿಯಾ’ ತಮ್ಮದು, ‘ಎರಡನೇ ಐಡಿಯಾ’ ಗಿಂಜ್‌ಬರ್ಗ್ ಅವರದು ಎಂದು ಬರೆದಿದ್ದಾರೆ. ಎರಡನೆಯದು ಇಂಧನದ ವಿಷಯ: ಲಿಥಿಯಂ-6 ಮತ್ತು ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಸೇರಿದ ಗಟ್ಟಿ ಪದಾರ್ಥ. ನ್ಯೂಟ್ರಾನ್ ಬಡಿದರೆ ಬಾಂಬಿನೊಳಗೇ ಲಿಥಿಯಂನಿಂದ ಟ್ರಿಟಿಯಂ, ಅಂದರೆ ಇನ್ನೂ ಭಾರದ ಹೈಡ್ರೋಜನ್, ಹುಟ್ಟುತ್ತದೆ. 1953ರ ಆಗಸ್ಟ್ 12ರಂದು ಸೆಮಿಪಲಾಟಿನ್‌ಸ್ಕ್‌ನಲ್ಲಿ ಸಿಡಿದ ಬಾಂಬಿನಲ್ಲಿ ಇದ್ದದ್ದು ಅದೇ.

ಸಿಡಿದಾಗ ಗಿಂಜ್‌ಬರ್ಗ್ ಅಲ್ಲಿರಲಿಲ್ಲ. 1950ರಲ್ಲಿ ತಾಮ್, ಸಖಾರೊವ್ ಇಬ್ಬರನ್ನೂ ಬಾಂಬಿನ ಕೆಲಸ ನಡೆಯುವ ಸರೋವ್ ಎಂಬ ಗುಪ್ತ ಊರಿಗೆ ಕಳಿಸಿದರು. ಗಡಿಪಾರಾದವಳ ಗಂಡನನ್ನು ಅಲ್ಲಿಗೆ ಬಿಟ್ಟುಕೊಳ್ಳುತ್ತಾರೆಯೇ? ಮಾಸ್ಕೋದಲ್ಲೇ ಉಳಿಸಿದರು, ಸ್ವಲ್ಪ ದಿನಕ್ಕೆ ಗುಪ್ತ ಕಡತಗಳೂ ಅವರ ಪಾಲಿಗೆ ಮುಚ್ಚಿದವು. ಕೈ ಖಾಲಿಯಾಯಿತು. ಅತಿವಾಹಕ, ಕಾಸ್ಮಿಕ್ ಕಿರಣ, ರೇಡಿಯೋ ಖಗೋಳ ಎಲ್ಲವನ್ನೂ ಮುಂದುವರಿಸಿದ್ದು ಆ ಖಾಲಿ ಕೈಯಲ್ಲೇ. ಬಾಂಬಿನ ಕೆಲಸ ಸರಿಯೋ ತಪ್ಪೋ ಎಂದು ನಿಮ್ಮ ಹಾಗೆ ನಾನೂ ಯೋಚಿಸಿದ್ದುಂಟು. ಅಮೆರಿಕದ ಬಳಿ ಮಾತ್ರ ಬಾಂಬ್ ಇರಬಾರದು ಎಂಬ ನಂಬಿಕೆ ಆಗ ಅಲ್ಲಿನ ಬಹಳ ಜನರಿಗಿತ್ತು. ಆದರೆ ಆ ಬಾಂಬನ್ನು ಸ್ಟಾಲಿನ್ ಕೈಗೆ ಕೊಡುತ್ತಿದ್ದೇವೆ ಎಂಬುದು, ಹೆಂಡತಿಯನ್ನು ಸುಳ್ಳು ಕೇಸಿನಲ್ಲಿ ಹಾಕಿದ್ದನ್ನು ಕಂಡವರಿಗಾದರೂ ಹೊಳೆಯಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಅವರು ಕಮ್ಯುನಿಸ್ಟ್ ಪಕ್ಷದ ಸದಸ್ಯರೂ ಆಗಿದ್ದರು. ಇದನ್ನು ಮುಚ್ಚಿಡುವುದೇಕೆ?

ಅದರ ಪಕ್ಕದಲ್ಲೇ ಇದನ್ನೂ ಇಡಬೇಕು. 1973ರಲ್ಲಿ, ಸರ್ಕಾರವನ್ನು ಟೀಕಿಸತೊಡಗಿದ್ದ ಸಖಾರೊವ್ ವಿರುದ್ಧ 40 ಅಕಾಡೆಮಿಷಿಯನ್ನರು (ವಿಜ್ಞಾನ ಅಕಾಡೆಮಿಯ ಸದಸ್ಯರು) ಪತ್ರಕ್ಕೆ ಸಹಿ ಹಾಕಿದಾಗ ಗಿಂಜ್‌ಬರ್ಗ್ ಹಾಕಲಿಲ್ಲ. 1980ರಲ್ಲಿ ಸಖಾರೊವ್ ಅವರನ್ನು ಗಡಿಪಾರು ಮಾಡಿದರು. ಎಲ್ಲಿಗೆ ಗೊತ್ತೇ? ಅದೇ ಗೋರ್ಕಿಗೆ. ತಾಮ್ ತೀರಿಕೊಂಡ ಮೇಲೆ ಲೆಬೆಡೆವ್ ಸಂಸ್ಥೆಯ ಸಿದ್ಧಾಂತ ವಿಭಾಗಕ್ಕೆ ಆಗ ಗಿಂಜ್‌ಬರ್ಗ್ ಮುಖ್ಯಸ್ಥರು. ಸಖಾರೊವ್ ಹೆಸರು ಆ ವಿಭಾಗದ ಸಿಬ್ಬಂದಿ ಪಟ್ಟಿಯಲ್ಲೇ ಉಳಿಯಿತು. ಸಹೋದ್ಯೋಗಿಗಳು ರೈಲು ಹತ್ತಿ ಹೋಗಿ ಹೊಸ ಪ್ರಬಂಧ ಕೊಟ್ಟು, ಫಿಸಿಕ್ಸ್ ಮಾತಾಡಿ ಬರುತ್ತಿದ್ದರು. 1986ರ ಡಿಸೆಂಬರ್‌ನಲ್ಲಿ ಸಖಾರೊವ್ ವಾಪಸ್ಸಾದಾಗ ಕೆಲಸ ಅಲ್ಲೇ ಇತ್ತು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಪ್ರತಿ ಬುಧವಾರ ಅವರ ಸೆಮಿನಾರ್. 1950ರ ದಶಕದಲ್ಲಿ ಶುರುವಾದದ್ದು 2001ರ ನವೆಂಬರ್‌ನಲ್ಲಿ 1700ನೆಯದಕ್ಕೆ ನಿಂತಿತು. ವಿಷಯ ಯಾವುದಾದರೂ ಆಗಬಹುದು, ಹೊಸತಿದ್ದರೆ ಸಾಕು. ಕೊನೆಯ ವರ್ಷಗಳಲ್ಲಿ ಜ್ಯೋತಿಷ್ಯ ಅಚ್ಚುಹಾಕುವ ಪತ್ರಿಕೆಗಳ ಮೇಲೆ, ಶಾಲೆಯೊಳಗೆ ಚರ್ಚ್ ಕಾಲಿಡುವುದರ ಮೇಲೆ ಬಹಿರಂಗವಾಗಿ ಬರೆದರು. 2007ರಲ್ಲಿ ಪುಟಿನ್‌ಗೆ ಹತ್ತು ಅಕಾಡೆಮಿಷಿಯನ್ನರು ಬರೆದ ಪತ್ರದಲ್ಲಿ ಇವರ ಸಹಿಯೂ ಇದೆ. 2009ರ ನವೆಂಬರ್ 8ರಂದು ಮಾಸ್ಕೋದಲ್ಲಿ ತೀರಿಕೊಂಡರು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. 1964ರಿಂದಲೇ ಗಿಂಜ್‌ಬರ್ಗ್ ಇದರ ಹಿಂದೆ ಬಿದ್ದಿದ್ದರು. ಭೌತಶಾಸ್ತ್ರದ ಮುಖ್ಯ ಪ್ರಶ್ನೆಗಳದ್ದೊಂದು ಪಟ್ಟಿ ಮಾಡಿ 1971ರಿಂದ ಅದನ್ನು ತಿದ್ದುತ್ತಾ ಬಂದರು, ಅದರಲ್ಲೂ ಇದು ಇತ್ತು. 1986ರಲ್ಲಿ ಬೆಡ್ನಾರ್ಜ್ ಮತ್ತು ಮ್ಯುಲ್ಲರ್ ತಾಮ್ರದ ಆಕ್ಸೈಡ್ ಪಿಂಗಾಣಿಯಲ್ಲಿ ದಾರಿ ತೆರೆದರು. ಮರುವರ್ಷವೇ ದ್ರವ ಸಾರಜನಕದಲ್ಲಿ ಕೆಲಸ ಮಾಡುವಂಥದ್ದು ಬಂತು. ಈಚೆಗೆ ಲ್ಯಾಂಥನಂ ಹೈಡ್ರೈಡ್ ಸುಮಾರು 250 ಕೆಲ್ವಿನ್‌ನಲ್ಲಿ, ಅಂದರೆ ಫ್ರೀಜರ್ ಮಟ್ಟದ ಚಳಿಯಲ್ಲಿ, ಅತಿವಾಹಕವಾಯಿತು. ಆದರೆ ಅದಕ್ಕೆ ವಾತಾವರಣದ ಹತ್ತು ಲಕ್ಷ ಪಟ್ಟಿಗಿಂತ ಜಾಸ್ತಿ ಒತ್ತಡ ಬೇಕು. ಮಾಮೂಲಿ ಒತ್ತಡ, ಮಾಮೂಲಿ ಉಷ್ಣತೆ ಎರಡರಲ್ಲೂ ನಡೆಯುವುದು ಇನ್ನೂ ಸಿಕ್ಕಿಲ್ಲ. 2023ರಲ್ಲಿ ದಕ್ಷಿಣ ಕೊರಿಯಾದಿಂದ ಎಲ್‌ಕೆ-99 ಎಂಬ ಹೆಸರು ಜೋರಾಗಿ ಕೇಳಿಬಂತು, ಕೆಲವೇ ವಾರಗಳಲ್ಲಿ ಬೇರೆ ಪ್ರಯೋಗಾಲಯಗಳು ಅದು ಅತಿವಾಹಕವೇ ಅಲ್ಲ ಎಂದು ತೋರಿಸಿದವು. ಆ ಗದ್ದಲದ ಬಗ್ಗೆಯೇ ಒಂದು ಲೇಖನ ಬರೆಸುತ್ತಿದ್ದೇವೆ. ಅದನ್ನು ಓದಿ ಮತ್ತೆ ಬರೆಯಿರಿ.

— ಸಂಪಾದಕ