ಸಾರಜನಕದಲ್ಲಿ ಲೋಹ ಉರಿಯುವುದು ಹೇಗೆ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಟೂಲಿಂಗ್ ಘಟಕವಿದೆ. ಚಿನ್ನದ ಬಣ್ಣದ ಡ್ರಿಲ್ ಬಿಟ್‌ಗಳ ಮೇಲಿರುವುದು ಟೈಟಾನಿಯಂ ನೈಟ್ರೈಡ್ ಎಂದು ಗೊತ್ತು. ಟೈಟಾನಿಯಂ ಪುಡಿಯನ್ನು ಭಾರೀ ಒತ್ತಡದ ಸಾರಜನಕದಲ್ಲಿ ಸುಟ್ಟು ಇದನ್ನು ತಯಾರಿಸುತ್ತಾರಂತೆ. ಆಮ್ಲಜನಕವಿಲ್ಲದೆ ಉರಿ ಹೇಗೆ? ಒತ್ತಡ ಯಾಕೆ?

ಉತ್ತರ: ಮೊದಲಿಗೆ, ನಿಮ್ಮ ಬಿಟ್ ಮೇಲಿನ ಲೇಪನ ಹಾಗೆ ಸುಟ್ಟು ಬಂದದ್ದಲ್ಲ. ಕೆಲವೇ ಮೈಕ್ರಾನ್ ದಪ್ಪದ ಆ ಪದರವನ್ನು ಸಾಮಾನ್ಯವಾಗಿ ನಿರ್ವಾತದ ಕೋಣೆಯಲ್ಲಿ ಆವಿಯಿಂದ ಕೂರಿಸುತ್ತಾರೆ. ಸುಡುವ ವಿಧಾನದಲ್ಲಿ ಸಿಗುವುದು ಅದೇ ವಸ್ತುವಿನ ಪುಡಿ ಅಥವಾ ಗಟ್ಟಿ.

ಉರಿಗೆ ಆಮ್ಲಜನಕವೇ ಆಗಬೇಕೆಂದಿಲ್ಲ; ಕೂಡುವಾಗ ಸಾಕಷ್ಟು ಶಾಖ ಬಿಡುವ ಜೋಡಿ ಇದ್ದರಾಯಿತು. ಟೈಟಾನಿಯಂ ಸಾರಜನಕದೊಂದಿಗೆ ಕೂಡಿದರೆ ಪ್ರತಿ ಮೋಲ್ (ಸುಮಾರು 62 ಗ್ರಾಂ) ನೈಟ್ರೈಡ್‌ಗೆ ಸುಮಾರು 338 ಕಿಲೋಜೂಲ್ ಶಾಖ ಹೊರಬರುತ್ತದೆ. ಒಂದು ತುದಿಗೆ ಕಿಡಿ ತಾಗಿಸಿದರೆ ಸಾಕು, ಊದುಬತ್ತಿಯ ಕೆಂಡದಂತೆ ಉರಿ ತಾನೇ ಮುಂದಕ್ಕೆ ಸಾಗುತ್ತದೆ. ಕುಲುಮೆ ಬೇಡ. 1967ರಲ್ಲಿ ಸೋವಿಯತ್ ಒಕ್ಕೂಟದ ಚೆರ್ನೊಗೊಲೊವ್ಕಾದಲ್ಲಿ ಮೆರ್ಜಾನೊವ್, ಬೊರೊವಿನ್‌ಸ್ಕಾಯಾ, ಶ್ಕಿರೊ ಎಂಬ ವಿಜ್ಞಾನಿಗಳು ಟೈಟಾನಿಯಂ–ಬೋರಾನ್ ಮಿಶ್ರಣದಲ್ಲಿ ಈ ಬಗೆಯ ದಹನವನ್ನು ಗುರುತಿಸಿದರು.

ಇನ್ನು ಒತ್ತಡ. ನನಗೆ ಇಡೀ ವಿಷಯದ ತಿರುಳೇ ಇದು, ಲೆಕ್ಕ ಹಾಕಿಯೇ ನೋಡೋಣ. ಅರ್ಧ ಲೋಹ, ಅರ್ಧ ರಂಧ್ರ ಇರುವಂತೆ ಒತ್ತಿದ 1 ಘನ ಸೆಂ.ಮೀ. ಬಿಲ್ಲೆಯಲ್ಲಿ ಸುಮಾರು 2.25 ಗ್ರಾಂ ಟೈಟಾನಿಯಂ ಇರುತ್ತದೆ. ಅದಷ್ಟೂ ನೈಟ್ರೈಡ್ ಆಗಲು 0.66 ಗ್ರಾಂ ಸಾರಜನಕ ಬೇಕು. ಸಾಮಾನ್ಯ ಒತ್ತಡದಲ್ಲಿ ರಂಧ್ರಗಳೊಳಗೆ ಇರುವುದು ಇದರ ಸಾವಿರದಲ್ಲೊಂದು ಪಾಲಿಗೂ ಕಡಿಮೆ! ಉಳಿದದ್ದೆಲ್ಲ ಹೊರಗಿನಿಂದ ಒಳಗೆ ನುಸುಳಬೇಕು. ಅಷ್ಟರಲ್ಲಿ ಬಿಸಿಗೆ ಲೋಹ ಕರಗಿ (ಟೈಟಾನಿಯಂಗೆ 1668 ಡಿಗ್ರಿ ಸೆಲ್ಸಿಯಸ್ ಸಾಕು) ರಂಧ್ರಗಳು ಮುಚ್ಚಿಕೊಂಡರೆ ನಡುವೆ ಹಸಿ ಲೋಹವೇ ಉಳಿಯುತ್ತದೆ. ಅದಕ್ಕೇ ಅನಿಲವನ್ನು ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು ಒತ್ತಿ ತುಂಬುವುದು, ಪುಡಿಗೆ ಮೊದಲೇ ತಯಾರಾದ ನೈಟ್ರೈಡನ್ನು ಬೆರೆಸಿ ಬಿಸಿ ತಗ್ಗಿಸುವುದು.

ಸಿಲಿಕಾನ್ ಪುಡಿಯನ್ನೂ ಹೀಗೆಯೇ ಸಾರಜನಕದಲ್ಲಿ ಸುಡುತ್ತಾರೆ; ಅಲ್ಲಿ ಒತ್ತಡಕ್ಕೆ ಇನ್ನೊಂದು ಕಾರಣವೂ ಇದೆ. ಅದರ ನೈಟ್ರೈಡ್ ಸಾಮಾನ್ಯ ಒತ್ತಡದಲ್ಲಿ ಸುಮಾರು 1900 ಡಿಗ್ರಿಗೆ ಒಡೆದುಹೋಗುತ್ತದೆ; ಒತ್ತಡ ಅದನ್ನು ತಡೆಯುತ್ತದೆ.

ನಿಮ್ಮಲ್ಲಿ ಟೈಟಾನಿಯಂ ಕೆಲಸವೂ ನಡೆಯುವುದಾದರೆ ದಯವಿಟ್ಟು ಇದನ್ನು ಗಮನಿಸಿ: ಅದರ ಪುಡಿಗೆ ಬೆಂಕಿ ಹತ್ತಿದರೆ ಸಾರಜನಕ ಆರಿಸುವುದಿಲ್ಲ, ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಕೂಡ ಕೆಲಸಕ್ಕೆ ಬಾರದು. ನೀರು ಸುರಿದರೆ ಹೈಡ್ರೋಜನ್ ಹುಟ್ಟಿ ಸ್ಫೋಟವಾಗಬಹುದು. ಪೂರ್ತಿ ಒಣಗಿದ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ‘ಡಿ’ ವರ್ಗದ ಪುಡಿಯನ್ನು ಯಂತ್ರದ ಪಕ್ಕದಲ್ಲೇ ಇಟ್ಟುಕೊಳ್ಳಿ.