ಊಟ ತೋರಿಸಿ ವಾಪಸ್ ಹೋಗುವ ತಾಯಿ ಹಕ್ಕಿ

ಪ್ರಶ್ನೆ: ಮಗಳು ಮೆಲ್ಬೋರ್ನ್‌ನಲ್ಲಿದ್ದಾಳೆ. ಅಲ್ಲಿ ಕಾಲಿನ್ಸ್ ಸ್ಟ್ರೀಟ್‌ನ ಎತ್ತರದ ಕಟ್ಟಡವೊಂದರಲ್ಲಿ ಪೆರೆಗ್ರಿನ್ ಫಾಲ್ಕನ್ ಎಂಬ ಬೇಟೆ ಹಕ್ಕಿಯ ಗೂಡಿದೆ. ಕ್ಯಾಮೆರಾ ಇಟ್ಟಿದ್ದಾರೆ. ದಿನಾ ಫೋನಿನಲ್ಲಿ ನೋಡುತ್ತೇನೆ. ಮರಿಗಳು ಈಗ ಅಂಚಿಗೆ ಬಂದು ರೆಕ್ಕೆ ಬಡಿಯುತ್ತವೆ, ನನ್ನ ಎದೆ ಧಸಕ್ ಅನ್ನುತ್ತದೆ. ತಾಯಿ ಪಾರಿವಾಳ ಹಿಡಿದು ಬರುತ್ತದೆ, ಕೊಡದೆ ಹಾಗೇ ಹೋಗುತ್ತದೆ. ಉಪವಾಸ ಕೆಡವಿ ಹೊರಗೆ ದಬ್ಬುವುದಾ ಇದು?
– ಓದುಗಿ, ಮಡಿಕೇರಿ

ಉತ್ತರ: ಅಕ್ಕಾ, ದಬ್ಬುವುದಂತೂ ಇಲ್ಲ. ಮರಿಯನ್ನು ತಳ್ಳಿ ಹಾರಿಸುವ ಹಕ್ಕಿ ಕಥೆಗಳಲ್ಲಿ ಮಾತ್ರ ಇರುವುದು.

ಅಲ್ಲಿ ಈಗ ವಸಂತ. ನಾವಿಲ್ಲಿ ಪುತ್ತರಿ ಹಬ್ಬಕ್ಕೆ ಕದಿರು ತೆಗೆಯಲು ಕಾಯುವ ನವೆಂಬರ್‌ನಲ್ಲೇ ಆ ಮರಿಗಳು ಹಾರುವುದು. ಮೊಟ್ಟೆ ಒಡೆದು ಹೊರಬಂದ ಮೇಲೆ ಸುಮಾರು 38ರಿಂದ 45 ದಿನ ಬೇಕು. ಗಂಡು ಮರಿ ಮೊದಲು ಹೊರಡುತ್ತದೆ, ಯಾಕೆಂದರೆ ಮೈ ಚಿಕ್ಕದು. ಹೆಣ್ಣು ಗಂಡಿಗಿಂತ ಹೆಚ್ಚುಕಡಿಮೆ ಮೂರನೇ ಒಂದು ಪಾಲು ದೊಡ್ಡದು. ಅಷ್ಟು ಭಾರ ಎತ್ತುವ ರೆಕ್ಕೆ ತಯಾರಾಗಲು ಇನ್ನೂ ಕೆಲವು ದಿನ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ಒಂದು ಮರಿ ಹೋಗಿ ಇನ್ನೊಂದು ಅಲ್ಲೇ ಕೂತಿದ್ದರೆ ಅದಕ್ಕೇನೋ ಕಾಯಿಲೆ ಎಂದು ಮಗಳಿಗೆ ಫೋನ್ ಮಾಡಬೇಡಿ.

ಮರಿಯ ತಲೆ ನೋಡಿ. ನೆತ್ತಿಯ ಮೇಲೆ ಬಿಳಿ ತುಪ್ಪಳ ಇನ್ನೂ ಅಂಟಿಕೊಂಡಿದ್ದರೆ ಸ್ವಲ್ಪ ಸಮಯವಿದೆ. ಅದು ಉದುರಿ, ಎದೆಯ ಮೇಲೆ ಉದ್ದುದ್ದ ಕಂದು ಗೀರುಗಳು ಚೆನ್ನಾಗಿ ಕಂಡರೆ ದಿನ ಹತ್ತಿರ ಬಂತು. ದೊಡ್ಡ ಹಕ್ಕಿಯ ಎದೆ, ಹೊಟ್ಟೆಯಲ್ಲಿ ಗೀರುಗಳು ಅಡ್ಡಡ್ಡ ಇರುತ್ತವೆ. ಇಷ್ಟು ಗೊತ್ತಿದ್ದರೆ ಮರಿ ಯಾವುದು, ತಾಯಿ ಯಾವುದು ಎಂದು ಗೊಂದಲವಾಗುವುದಿಲ್ಲ.

ರೆಕ್ಕೆ ಬಡಿಯುವುದು ಕಸರತ್ತು. ಉಗುರಿನಿಂದ ನೆಲ ಕಚ್ಚಿ ಹಿಡಿದೇ ಬಡಿಯುತ್ತವೆ. ಗಾಳಿ ಜೋರಾಗಿದ್ದರೆ ಕಾಲು ಒಂದು ಗೇಣು ಮೇಲೆದ್ದು ಮತ್ತೆ ಕೂರುತ್ತದೆ. ಇನ್ನು ಊಟದ ವಿಷಯ. ಈ ಹೊತ್ತಿಗೆ ಮರಿ ಹೆಚ್ಚುಕಡಿಮೆ ದೊಡ್ಡ ಹಕ್ಕಿಯಷ್ಟೇ ತೂಗುತ್ತದೆ. ಒಂದೆರಡು ಹೊತ್ತು ತಡವಾದರೆ ಸೊರಗುವುದಿಲ್ಲ. ತಾಯಿ ಬೇಟೆ ಹಿಡಿದು ಎದುರಿಗೇ ಹಾದುಹೋಗುತ್ತದೆ, ಮರಿ ಕಿರುಚಿ ಅಂಚಿಗೆ ಓಡುತ್ತದೆ. ತಾಯಿ ಇದನ್ನು ಯೋಚಿಸಿ ಮಾಡುತ್ತದೆ ಎಂದು ನಾನು ಆಣೆ ಇಡುವುದಿಲ್ಲ. ಆದರೆ ಹಸಿದ ಮರಿ ಸುಮ್ನೆ ಕೂರುವುದಿಲ್ಲ, ಅದಂತೂ ನಿಜ. ನಮ್ಮ ತೋಟದ ಗಡಿಯ ಸಿಲ್ವರ್ ಓಕ್‌ನಲ್ಲಿ ಗರುಡ ಗೂಡು ಕಟ್ಟಿದಾಗಲೂ ಇದೇ ಆಟ ನೋಡಿದ್ದೇನೆ. ಮರಿಗಿಂತ ಜಾಸ್ತಿ ನಮ್ಮ ಮನೆಯವಳು ಸಂಕಟಪಟ್ಟಳು.

ಒಂದು ಬೆಳಿಗ್ಗೆ ಕ್ಯಾಮೆರಾದಲ್ಲಿ ಮರಿ ಕಾಣಿಸದೆ ಇರಬಹುದು. ಬಿತ್ತು ಎಂದುಕೊಳ್ಳಬೇಡಿ. ಕ್ಯಾಮೆರಾಕ್ಕೆ ಸಿಗದ ಮೂಲೆಯಲ್ಲೋ ಪಕ್ಕದ ಕಟ್ಟಡದ ಮೇಲೋ ಕೂತಿರಬಹುದು. ಹಾರಿದ ಮಾತ್ರಕ್ಕೆ ಸಂಬಂಧ ಕಡಿಯುವುದೂ ಇಲ್ಲ. ಮೈಸೂರಿಗೆ ಓದಲು ಹೋದ ಮಕ್ಕಳು ಶನಿವಾರ ಊಟಕ್ಕೆ ಮನೆಗೆ ಓಡಿ ಬಂದ ಹಾಗೆ, ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಅಪ್ಪ ಅಮ್ಮ ತಂದದ್ದನ್ನೇ ತಿನ್ನುತ್ತವೆ. ಬೇಟೆಯನ್ನು ಗಾಳಿಯಲ್ಲಿ ಬಿಟ್ಟು ಮರಿಯ ಕೈಲಿ ಹಿಡಿಸುವುದು ಆಗಲೇ. ಗಂಟೆಗೆ 300 ಕಿಲೋಮೀಟರ್‌ಗೂ ಮೀರಿ ಎರಗುವ ಹಕ್ಕಿಗೆ ಪಾಠ ಅಲ್ಲಿಂದ ಶುರು.

ನಿಜವಾದ ಗಂಡಾಂತರ ಗೂಡಿನಲ್ಲಲ್ಲ, ಆಮೇಲೆ. ಗಾಜಿನ ಗೋಡೆಯಲ್ಲಿ ಆಕಾಶ ಕಂಡು ಡಿಕ್ಕಿ ಹೊಡೆಯುತ್ತವೆ, ರಸ್ತೆಗೆ ಇಳಿದು ಏಳಲಾಗದೆ ಕೂರುತ್ತವೆ, ಬೇಟೆ ಕಲಿಯದೆ ಸೊರಗುತ್ತವೆ. ಅರ್ಧಕ್ಕಿಂತ ಹೆಚ್ಚು ಮರಿಗಳು ಮೊದಲ ವರ್ಷ ದಾಟುವುದಿಲ್ಲ. ಕಹಿ ಮಾತು, ಆದರೆ ಕೇಳಿದ್ದೀರಿ, ಹೇಳಬೇಕಲ್ವಾ.

ಪ್ರಶ್ನೆ: ಈ ಹಕ್ಕಿ ನಮ್ಮ ಕಡೆ ಇದೆಯಾ?
– ಓದುಗ, ವಿರಾಜಪೇಟೆ

ಉತ್ತರ: ಪಶ್ಚಿಮ ಘಟ್ಟದ ಕಡಿದಾದ ಬಂಡೆಗಳಲ್ಲಿ ಇದರದ್ದೇ ಬಳಗದ ಶಾಹೀನ್ ಇದೆ. ಬೆನ್ನು ಕಪ್ಪು, ಹೊಟ್ಟೆ ಕೆಂಗಂದು. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಪೆರೆಗ್ರಿನ್‌ಗಳು ಬೇರೆ. ಎರಡೂ ಕಡ್ಡಿ ತಂದು ಗೂಡು ಕಟ್ಟುವ ಜಾತಿಯಲ್ಲ. ಬಂಡೆಯ ಅಂಚಿನಲ್ಲಿ ಮಣ್ಣು ಕೆರೆದು ಮೊಟ್ಟೆ ಇಡುತ್ತವೆ. ಎತ್ತರದ ಕಟ್ಟಡವೂ ಅವುಗಳ ಲೆಕ್ಕದಲ್ಲಿ ಬಂಡೆಯೇ. ಊರಿನಲ್ಲಿ ಪಾರಿವಾಳಕ್ಕೂ ಬರವಿಲ್ಲ. ಡಿಡಿಟಿ ಎಂಬ ಕೀಟನಾಶಕದ ಕಾಲದಲ್ಲಿ ಮೊಟ್ಟೆಯ ಚಿಪ್ಪು ತೆಳುವಾಗಿ ಕಾವಿಗೇ ಒಡೆದು ಅಮೆರಿಕದಲ್ಲಿ ಈ ಹಕ್ಕಿ ಅಳಿಯುವ ಹಂತಕ್ಕೆ ಬಂದಿತ್ತು. ಅಲ್ಲಿ 1972ರಲ್ಲಿ ಡಿಡಿಟಿ ನಿಂತಿತು, 1999ರಲ್ಲಿ ಹಕ್ಕಿ ಅಪಾಯದ ಪಟ್ಟಿಯಿಂದ ಹೊರಬಂತು.

ಪ್ರಶ್ನೆ: ಕಾಫಿ ಕಣದ ಹತ್ತಿರ ಹದ್ದಿನ ಮರಿಯೊಂದು ನೆಲದಲ್ಲಿ ಕೂತಿದೆ. ಹಾಲು ಕೊಡಬಹುದಾ?
– ಓದುಗ, ಸುಂಟಿಕೊಪ್ಪ

ಉತ್ತರ: ಹಾಲೂ ಬೇಡ, ಅನ್ನವೂ ಬೇಡ. ರೆಕ್ಕೆ ಬಲಿತು ಗಾಯವಿಲ್ಲದಿದ್ದರೆ ಟವೆಲ್ ಹಾಕಿ ಎತ್ತಿ, ಹತ್ತಿರದ ಮರದ ಕೊಂಬೆಯಲ್ಲೋ ಗೋದಾಮಿನ ಮಾಡಿನ ಮೇಲೋ ಕೂರಿಸಿ ದೂರ ಬನ್ನಿ. ತಾಯಿ ಅಲ್ಲೇ ಎಲ್ಲೋ ನೋಡುತ್ತಿರುತ್ತದೆ. ಉಗುರಿನ ಬಗ್ಗೆ ಹುಷಾರು. ರಕ್ತ ಕಂಡರೆ ಅಥವಾ ರೆಕ್ಕೆ ಜೋತಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಮನೆಯಲ್ಲಿ ಸಾಕುವ ಆಸೆ ಬೇಡ, 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಬಿಡುವುದಿಲ್ಲ. ಎಲ್ಲಕ್ಕಿಂತ ಮೊದಲು ನಾಯಿಗಳನ್ನು ಕಟ್ಟಿಹಾಕಿ.