ಆ ಮನವಿ ಪತ್ರ ಕನ್ನಡದಲ್ಲಿ ಬರಲಿ

ಓದುಗರ ಪತ್ರ: ನಾನು ಎಚ್‌ಆರ್ ಮ್ಯಾನೇಜರ್‌ಗಳ ಸಂಘವೊಂದರಲ್ಲಿ ಕೆಲಸ ಮಾಡುತ್ತೇನೆ. ಕಾರ್ಮಿಕ ಕಾನೂನಿನ ಕರಡು ಬಂದರೆ ಓದಿ, ಸಂಘದ ಪರವಾಗಿ ಮನವಿ ಬರೆಯುವುದು, ನಮ್ಮ ಪದಾಧಿಕಾರಿಗಳಿಗೆ ಅಧಿಕಾರಿಗಳ ಭೇಟಿ ಗೊತ್ತುಮಾಡುವುದು ನನ್ನ ಕೆಲಸ. ಅಪ್ಪ ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿದ್ದವರು, ಯೂನಿಯನ್ ಮನುಷ್ಯ. ‘ಓದಿಸಿದ್ದು ಮಾಲೀಕರ ಪರ ಲಾಬಿ ಮಾಡೋಕಾ?’ ಅನ್ನುತ್ತಾರೆ. ನಾನು ಮಾಡುತ್ತಿರುವುದು ತಪ್ಪಾ?
– ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ:

ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಾನು ಬರೆಯುವುದೆಲ್ಲ ನಿಮ್ಮ ಅಪ್ಪನ ಪರವಾಗಿಯೇ ಇರುತ್ತದೆ.

ಸರ್ಕಾರದ ಮುಂದೆ ಕಷ್ಟ ಹೇಳಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಮ್ಯಾನೇಜರ್‌ಗಳಿಗೂ ಇದೆ. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಬಹಳ ಒಳ್ಳೆಯದಾಯಿತು. ಆದರೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇಲ್ಲದ ಕಡೆ ಅಷ್ಟೂ ವಾರದ ಸಂಬಳ ಕಂಪನಿಯ ಮೇಲೇ ಬಿತ್ತು. ಇದರಿಂದ ಸಣ್ಣ ಕಂಪನಿಯವರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂದೆಮುಂದೆ ನೋಡಬಹುದು, ಸರ್ಕಾರವೂ ಒಂದು ಪಾಲು ಹೊರಲಿ ಅಂತ ಹೇಳಬೇಕಾದವರು ನಿಮ್ಮಂಥವರೇ. ಆ ಒಳಲೆಕ್ಕ ಗೊತ್ತಿರುವುದು ನಿಮಗೆ.

ಇಷ್ಟು ಹೇಳಿ ಅಪ್ಪನ ಕಡೆ ಬರುತ್ತೇನೆ.

2024ರ ಜುಲೈ ನೆನಪಿದೆಯಾ? ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ತಿದ್ದಬೇಕು ಅನ್ನುವ ಪ್ರಸ್ತಾವ ಹೊರಬಿತ್ತು. ಆಗಿನ ಕಾನೂನಿನಲ್ಲಿ ದಿನಕ್ಕೆ 9 ಗಂಟೆ, ಓವರ್‌ಟೈಮ್ ಸೇರಿದರೆ 10. ಅದನ್ನು ಐಟಿಯವರಿಗೆ ಓವರ್‌ಟೈಮ್ ಸೇರಿ 14 ಗಂಟೆ ಮಾಡುವ ಮಾತು. ಐಟಿ ನೌಕರರ ಯೂನಿಯನ್ ಬೀದಿಗೆ ಬಂತು. ಉದ್ಯಮದ ಕಡೆಯಿಂದಲೇ ಒತ್ತಡ ಇದೆ ಅಂತ ಕಾರ್ಮಿಕ ಸಚಿವ ಸಂತೋಷ್ ಲಾಡ್ ಹೇಳಿದರು. ನಾವು ಕೇಳಿಯೇ ಇಲ್ಲ, ವಾರಕ್ಕೆ 48 ಗಂಟೆಯೇ ಸಾಕು ಅಂತ ಐಟಿ ಕಂಪನಿಗಳ ಸಂಘ ನಾಸ್ಕಾಂ ಹೇಳಿತು.

ಹಾಗಾದರೆ ಕೇಳಿದ್ದು ಯಾರು?

ಇವತ್ತಿಗೂ ನನ್ನ ತಲೆ ತಿನ್ನುವ ಪ್ರಶ್ನೆ ಇದು. ಲಕ್ಷಾಂತರ ಜನರ ದಿನಕ್ಕೆ ನಾಲ್ಕು ಗಂಟೆ ಸೇರಿಸಿ ಅಂತ ಯಾರೋ ಎಲ್ಲೋ ಹೇಳಿರಬೇಕು ತಾನೇ? ಕಾಗದದಲ್ಲಿ ಹೇಳಿದ್ದರೆ ಆ ಕಾಗದ ಎಲ್ಲಿ? ಅಮೆರಿಕದಲ್ಲಿ ಇದಕ್ಕೆ 1995ರ ಕಾನೂನಿದೆ. ಲಾಬಿ ಮಾಡುವವರು ಹೆಸರು ನೋಂದಾಯಿಸಬೇಕು. ಯಾರ ಪರ, ಯಾವ ವಿಷಯಕ್ಕೆ, ಎಷ್ಟು ಖರ್ಚು ಅಂತ ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು. ಅಲ್ಲಿ ದುಡ್ಡಿನ ಆಟ ನಮಗಿಂತ ಜಾಸ್ತಿಯೇ ಇದೆ. ಆದರೂ ಯಾರು ಆಡುತ್ತಿದ್ದಾರೆ ಅನ್ನುವುದಾದರೂ ಕಾಣುತ್ತದೆ. ನಮ್ಮಲ್ಲಿ ಅಂಥ ಕಾನೂನೇ ಇಲ್ಲ. 2014ರಲ್ಲಿ ಕೇಂದ್ರ ಸರ್ಕಾರ ಒಂದು ನೀತಿ ಮಾಡಿತು. ಮಸೂದೆಯ ಕರಡನ್ನು 30 ದಿನ ಜನರ ಮುಂದಿಡಬೇಕು ಅಂತ. ಕರಡೇನೋ ನಮ್ಮ ಮುಂದೆ ಬರುತ್ತದೆ ಅನ್ನೋಣ. ಕರಡಿಗೂ ಮುಂಚೆ ಒಳಗೆ ಹೋದ ಮನವಿ ಬರುವುದಿಲ್ಲವಲ್ಲ.

ಅದೇ ಜುಲೈನಲ್ಲಿ ಇನ್ನೊಂದು ನಡೆಯಿತು. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಯಲ್ಲಿ ಶೇ 50, ಉಳಿದ ಹುದ್ದೆಯಲ್ಲಿ ಶೇ 70 ಮೀಸಲು ಅನ್ನುವ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮ ಸಂಘಗಳು ಆಕ್ಷೇಪ ಎತ್ತಿದವು. ವಾರ ಕಳೆಯುವುದರೊಳಗೆ ಮಸೂದೆ ತಡೆಹಿಡಿಯಲಾಯಿತು. ಮಸೂದೆ ಸರಿಯೋ ತಪ್ಪೋ, ಅದು ಬೇರೆ ಮಾತು. ಎಷ್ಟು ಬೇಗ ಕೇಳಿಸಿತು ನೋಡಿ.

ಈಗ ನಿಮ್ಮ ಅಪ್ಪನ ಕಾಲಕ್ಕೆ ಬನ್ನಿ. 1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳಾದ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಮುಷ್ಕರ ಹೂಡಿದರು. ಬಿಎಚ್‌ಇಎಲ್‌ನವರಿಗೆ ಸಿಗುವಷ್ಟು ಸಂಬಳ ನಮಗೂ ಕೊಡಿ ಅನ್ನುವುದು ಬೇಡಿಕೆ. 77 ದಿನ ನಡೆಯಿತು. ಆ ದಿನಗಳ ಸಂಬಳ ಇಲ್ಲ. ನಮ್ಮ ಬೀದಿಯಲ್ಲೇ ಅಂಥ ಮೂರು ಮನೆ ಇದ್ದವು. ಅಂಗಡಿಯವನ ಸಾಲದ ಪುಸ್ತಕದಲ್ಲಿ ಆ ಮೂರು ಮನೆಯ ಪುಟಗಳು ತುಂಬಿ, ಆತ ಹಿಂಬದಿಯ ರಟ್ಟಿನ ಮೇಲೆ ಬರೆಯುತ್ತಿದ್ದ. ನಿಮ್ಮ ಸಂಘದ ಮಾತು ಸರ್ಕಾರಕ್ಕೆ ತಲುಪಲು ಒಂದು ಫೋನು, ಒಂದು ಭೇಟಿ ಸಾಕು. ನಿಮ್ಮ ಅಪ್ಪನ ಮಾತು ತಲುಪಲು 77 ದಿನ ಮನೆಯ ಒಲೆಯನ್ನೇ ಪಣಕ್ಕಿಡಬೇಕಾಯಿತು. ಅವರು ಸಿಟ್ಟಾಗುವುದು ನಿಮ್ಮ ಮೇಲಲ್ಲ ತಾಯಿ. ಈ ವ್ಯತ್ಯಾಸದ ಮೇಲೆ.

ಹಳೆಯ ಕಥೆ ಅನ್ನಬೇಡಿ. 2020ರಲ್ಲಿ ಗಾರ್ಮೆಂಟ್ಸ್ ಕೆಲಸದವರಿಗೆ ತಿಂಗಳಿಗೆ 417 ರೂಪಾಯಿ 60 ಪೈಸೆ ತುಟ್ಟಿಭತ್ಯೆ ಬರಬೇಕಿತ್ತು. ದಿನಕ್ಕೆ ಲೆಕ್ಕ ಹಾಕಿದರೆ ಹದಿನಾರು ರೂಪಾಯಿ. ಕೋವಿಡ್ ಕಷ್ಟ ಅಂತ ಸರ್ಕಾರ ಅದನ್ನು ಮುಂದಕ್ಕೆ ಹಾಕಿತು. ಹೈಕೋರ್ಟ್ ಒಪ್ಪಲಿಲ್ಲ. ಆದರೂ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ. ಹೊರದೇಶದ ಬ್ರ್ಯಾಂಡ್‌ಗಳ ಕಡೆಯಿಂದ ಒತ್ತಡ ಬಂದ ಮೇಲೆ, 2022ರ ಹೊತ್ತಿಗೆ, ಬಾಕಿ ಸಮೇತ ದುಡ್ಡು ಕೈಗೆ ಬರತೊಡಗಿತು. ಹದಿನಾರು ರೂಪಾಯಿಗೆ ಎರಡು ವರ್ಷ!

ಮೂವತ್ತು ವರ್ಷದ ಹಿಂದಿನ ಮಾತು. ನಾನಿನ್ನೂ ವರದಿಗಾರ. ಊದುಬತ್ತಿ ಕೆಲಸದವರ ಕನಿಷ್ಠ ಕೂಲಿಗೆ ಕರಡು ಅಧಿಸೂಚನೆ ಬಂದಿತ್ತು. ಆಕ್ಷೇಪಣೆ ಸಲ್ಲಿಸಲು ಎರಡು ತಿಂಗಳು ಸಮಯ. ಅದರ ಸುದ್ದಿಗೆ ಅಂತ ಒಂದು ಕಚೇರಿಗೆ ಹೋಗಿದ್ದೆ. ಗುಮಾಸ್ತರು ಫೈಲು ತೆರೆದು ತೋರಿಸಿದರು. ಮೇಲೆಲ್ಲ ಲೆಟರ್‌ಹೆಡ್ಡು. ಟೈಪ್ ಮಾಡಿದ ಇಂಗ್ಲಿಷ್, ಸೀಲು, ಕೋಷ್ಟಕ. ತೀರಾ ಕೆಳಗೆ ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಒಂದು ಗೆರೆ ಹಾಳೆ. ಮಗುವಿನ ಕೈಬರಹ, ಅಮ್ಮ ಹೇಳಿ ಬರೆಸಿದ್ದು. ಸಾವಿರ ಕಡ್ಡಿ ಹೊಸೆದರೆ ಕೂಲಿ ಇಷ್ಟು ಅಂತ ಕೊಡ್ತಾರೆ, ಕಡ್ಡಿ ಮುರಿದರೆ ಅದರಲ್ಲೇ ಹಿಡೀತಾರೆ, ಹಿಡೀಬಾರದು ಅಂತ ಕಾನೂನಲ್ಲಿ ಹಾಕಿ. ಅಷ್ಟೇ ಇತ್ತು. ಕೆಳಗೆ ಹೆಬ್ಬೆಟ್ಟಿನ ಗುರುತು. ಅದು ಶಾಯಿಯದ್ದಲ್ಲ, ಇದ್ದಿಲು ಪುಡಿಯ ಕಪ್ಪು. ಮೂಗಿನ ಹತ್ತಿರ ಹಿಡಿದರೆ ಊದುಬತ್ತಿಯ ವಾಸನೆ ಇನ್ನೂ ಇತ್ತು. ‘ಇದನ್ನು ಯಾವ ಕಾಲಮ್ಮಿಗೆ ಹಾಕೋದು ಸಾರ್?’ ಅಂತ ಗುಮಾಸ್ತರು ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು, ನಿಜವಾಗಿಯೂ ಅವರಿಗೆ ಗೊತ್ತಾಗಲಿಲ್ಲ. ಆ ಕರಡನ್ನು ಎರಡು ತಿಂಗಳಲ್ಲ, ಎರಡು ವರ್ಷ ಗೋಡೆಗೆ ಅಂಟಿಸಿಟ್ಟಿದ್ದರೂ ಆ ಹೆಂಗಸಿಗೆ ಓದಲು ಆಗುತ್ತಿರಲಿಲ್ಲ. ಓದಿ ಹೇಳುವವರು, ಅವರ ಮಾತನ್ನು ಕಾಲಮ್ಮಿಗೆ ಇಳಿಸುವವರು ಬೇಕಿತ್ತು. ಆ ಕೆಲಸ ಚೆನ್ನಾಗಿ ಕಲಿತವರು ನೀವು. ನಿಮ್ಮ ಕೈಗುಣವೆಲ್ಲ ಒಂದೇ ಕಡೆಗೆ ಹೋಗುತ್ತಿದೆ ಅನ್ನುವುದೇ ನನ್ನ ಬೇಸರ.

ಇನ್ನೊಂದು ಸಂಕಟ, ಇದನ್ನು ಎಷ್ಟು ಸಲ ಬರೆದರೂ ಸಮಾಧಾನವಿಲ್ಲ. ಕನ್ನಡವೇ ಆಡಳಿತ ಭಾಷೆ ಅನ್ನುವ ರಾಜಭಾಷಾ ಕಾಯ್ದೆ 1963ರಿಂದ ನಮಗೆ ಇದೆ. ಆದರೂ ಕನ್ನಡಿಗ ಕೂಲಿಯವನ ಗಂಟೆ, ರಜೆ, ವಜಾ ಬಗ್ಗೆ ಚರ್ಚೆ ನಡೆಯುವುದು ಇಂಗ್ಲಿಷಿನಲ್ಲಿ. 2025ರ ನವೆಂಬರ್ 21ರಿಂದ 29 ಹಳೆಯ ಕಾರ್ಮಿಕ ಕಾನೂನುಗಳ ಜಾಗಕ್ಕೆ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ಯಾವಾಗ ಅಮಾನತು, ಯಾವಾಗ ವಜಾ ಅಂತ ಬರೆದಿಡುವ ಸ್ಥಾಯಿ ಆದೇಶಗಳು ಈಗ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆಗೆ ಮಾತ್ರ. ನಮ್ಮ ರಾಜ್ಯದಲ್ಲಿ ಮೊದಲು 50 ಜನರಿದ್ದರೂ ಸಾಕಾಗಿತ್ತು. ಪೀಣ್ಯದ ಒಂದು ಶೆಡ್ಡಿಗೆ ಹೋಗಿ, ಲೇತ್ ಮುಂದೆ ನಿಂತ ಹುಡುಗನನ್ನು ಕೇಳಿ. ಅವನಿಗೆ ಇದು ಗೊತ್ತಿದ್ದರೆ ನನಗೆ ಬರೆಯಿರಿ.

ನಿಮಗೆ ಕೆಲಸ ಬಿಡಿ ಅಂತ ನಾನು ಹೇಳುವುದಿಲ್ಲ. ಮನೆ ಬಾಡಿಗೆ, ಅಪ್ಪನ ಮಾತ್ರೆ ಎಲ್ಲ ನಡೆಯಬೇಕಲ್ಲ. ಒಂದು ಮಾತ್ರ ಕೇಳುತ್ತೇನೆ. ನಿಮ್ಮ ಸಂಘ ಈ ವರ್ಷ ಕೊಟ್ಟ ಒಂದು ಮನವಿಯನ್ನು, ಸಂಘದವರ ಒಪ್ಪಿಗೆ ಪಡೆದು, ಕನ್ನಡಕ್ಕೆ ತನ್ನಿ. ಕಳಿಸುವ ಮೊದಲು ಅಪ್ಪನಿಗೆ ಓದಿ ಹೇಳಿ. ಅವರು ಎಲ್ಲೆಲ್ಲಿ ತಡೆದು ‘ಇದು ಹೇಗೆ?’ ಅಂದರೋ ಅದನ್ನು ಅಂಚಿನಲ್ಲಿ ಬರೆದುಕೊಳ್ಳಿ. ಮನವಿ ಒಂದು ಪುಟ, ಅಪ್ಪನ ಮಾತು ಪಕ್ಕದ ಪುಟ. ಮುಂದಿನ ತಿಂಗಳ ಸಂಚಿಕೆಯಲ್ಲಿ ಆ ಎರಡು ಪುಟ ನಿಮ್ಮಿಬ್ಬರಿಗಾಗಿ ಖಾಲಿ ಬಿಟ್ಟಿರುತ್ತೇನೆ. 20ನೇ ತಾರೀಕಿನೊಳಗೆ ಕೈಸೇರಲಿ.